ಭಂಡಾರ ಹಚ್ಚಿದ ಗೀರುಗಳು

ಕೈ ಅಲ್ಲಿಗೆ ಎಟುಕುವುದಿಲ್ಲ. ಎಟುಕಿದರೂ ಎಟುಕೀತು, ಹುಡುಗರ ಮೈ ಎತ್ತ ಬೇಕಾದರೂ ಬಳುಕುತ್ತದೆ. ಆದರೆ ಬೆಳಗ್ಗೆ ಮಗ ಅಂಗಿ ಬದಲಿಸುವಾಗ ಕಂಡ ಹಾಗೆ, ಬೆನ್ನಿನ ನಡುವೆ, ಎರಡು ರೆಕ್ಕೆಮೂಳೆಗಳ ಮಧ್ಯೆ, ಮೇಲಿಂದ ಕೆಳಕ್ಕೆ ಅಷ್ಟು ನೇರವಾದ ಗೀರನ್ನು ಒಬ್ಬ ತನ್ನ ಕೈಯಾರೆ ಎಳೆದುಕೊಳ್ಳಲು ಆಗುತ್ತದೆಯೆ? ಅದೂ ಕತ್ತಿ ಹಿಡಿದು? ಬೇಲಿಯ ಮುಳ್ಳು ತಗುಲಿರಬಹುದು. ಮುಳ್ಳಾದರೆ ಮೊದಲು ಅಂಗಿ ಹರಿಯಬೇಕಲ್ಲ.

ಪ್ರಭಾಕರನ್ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದವನು ಲಾಳಿಯನ್ನು ಕೈಗೆ ತೆಗೆದುಕೊಂಡು ತನ್ನ ಬೆನ್ನಿನ ಹಿಂದಕ್ಕೆ ಒಯ್ದು ನೋಡಿದ. ಕೆಳಗಿನಿಂದ ಒಯ್ದರೆ ಸೊಂಟದ ಮೇಲೆ ಒಂದು ಗೇಣಿಗೆ ನಿಂತಿತು. ಮೇಲಿನಿಂದ ಒಯ್ದರೆ ಕತ್ತಿನ ಬುಡದಲ್ಲೇ ಉಳಿಯಿತು. ನಡುವಿನ ಜಾಗವನ್ನು ಮುಟ್ಟಲಾಗಲಿಲ್ಲ.

"ಅದೇನು ಮಾಡ್ತಿದ್ದೀ?" ಬಾಗಿಲಲ್ಲಿ ಅವನ ಅಪ್ಪ ತಿರುಮಲೈಸಾಮಿ ನಿಂತಿದ್ದರು.

"ಬೆನ್ನು ಕಡೀತು."

"ಲಾಳೀಲಿ ಬೆನ್ನು ಕೆರ್ಕೊಳ್ಳೋ ನೇಕಾರನ್ನ ಇವತ್ತೇ ನೋಡಿದ್ದು." ಮುದುಕರು ನಕ್ಕರು. ಒಳಗೆ ಬಂದು, ಮಂಡಿ ಹಿಡಿದುಕೊಂಡು ನಿಧಾನವಾಗಿ ರಾಟೆಯ ಮುಂದೆ ಕುಳಿತು, ಕಂಡಿಕೆಗೆ ನೂಲು ಸುತ್ತಲು ಶುರು ಮಾಡಿದರು.

ಅವರು ಮಗ್ಗದ ಕೋಣೆಯೊಳಗೆ ಹೀಗೆ ಬಂದು ಕೂರುವುದು, ನಗುವುದು, ಎರಡೂ ಈಚಿನ ಸಂಗತಿ. ಮಂಡಿ ಸೋತು ನೇಯುವುದನ್ನು ಬಿಟ್ಟ ಮೇಲೆ ಅವರ ಜಾಗ ಜಗುಲಿ. ಮಗನೊಡನೆ ಮಾತು ಊಟಕ್ಕೆ, ಔಷಧಿಗೆ ಎಷ್ಟು ಬೇಕೋ ಅಷ್ಟು. ಅದಕ್ಕೆ ಹಳೆಯ ಕಾರಣವೊಂದಿತ್ತು. ತಮಿಳುನಾಡಿನ ನೆಗಮಂನಲ್ಲಿ, ಮನೆಮಾತು ಕನ್ನಡವಾಗಿದ್ದ ನೇಕಾರರ ಅವರ ಬೀದಿಯಲ್ಲಿ, ವಿಜಯದಶಮಿಯ ದಿನ ಚೌಡೇಶ್ವರಿಯನ್ನು ಗುಡಿಗೆ ಕರೆದು ತರುವಾಗ ಮನೆಮನೆಯ ಗಂಡಸರು ಬರಿಮೈಯಲ್ಲಿ ಅವಳ ಮುಂದೆ ನಡೆಯುತ್ತಾರೆ; 'ತಗೋ ತಾಯೀ, ತಗೋ ತಾಯೀ' ಎಂದು ಕೂಗುತ್ತ ಕತ್ತಿಯಿಂದ ಎದೆಗೆ ಬಡಿದುಕೊಳ್ಳುತ್ತಾರೆ. ಗಾಯದ ಮೇಲೆ ಅವಳ ಭಂಡಾರ, ಅಂದರೆ ಅರಿಸಿನದ ಪುಡಿ, ಒತ್ತಿದರೆ ಮುಗಿಯಿತು, ಬೇರೆ ಮದ್ದಿಲ್ಲ. ಕತ್ತಿ ಹಿಡಿದವನು ವೀರಕುಮಾರ. ತಿರುಮಲೈಸಾಮಿ ಹನ್ನೆರಡನೆಯ ವಯಸ್ಸಿನಿಂದ ಹಿಡಿದವರು. ಪ್ರಭಾಕರನ ಸರದಿ ಬಂದ ವರ್ಷ ಅವನು ಜ್ವರವೆಂದು ಮಲಗಿಬಿಟ್ಟ. ಮರುವರ್ಷವೂ ಜ್ವರ ಬಂತು. ಅದರ ಮುಂದಿನ ವರ್ಷ ಅಪ್ಪ ಅವನನ್ನು ಕರೆಯಲಿಲ್ಲ.

ಈಗ ಆ ಎಲ್ಲವನ್ನೂ ಮೊಮ್ಮಗ ತೊಳೆದುಬಿಟ್ಟಿದ್ದ.

ಹಿಂದಿನ ಶನಿವಾರ ಎಣ್ಣೆ ಹಚ್ಚುವಾಗ ದಿವಾಕರನ ಮೈಮೇಲಿನ ಗೀರುಗಳನ್ನು ಮೊದಲು ಕಂಡವಳು ಅಜ್ಜಿ ನಾಚಿಯಮ್ಮ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಅಂಗಿ ಬಿಚ್ಚು ಎಂದರೆ ಹುಡುಗ ಒಪ್ಪಲಿಲ್ಲ. ಏಳನೆಯ ತರಗತಿಗೆ ಬಂದ ಮೇಲೆ ನಾಚಿಕೆ ಬಂದಿದೆ ಎಂದುಕೊಂಡು ಅವಳೇ ಎಳೆದು ಬಿಚ್ಚಿದಳು. ಎದೆಯ ಎರಡೂ ಬದಿಗೆ ಸಣ್ಣ ಕೆಂಪು ಗೆರೆಗಳು. ಕೆಲವು ಒಣಗಿದ್ದವು, ಕೆಲವು ಹೊಸವು.

"ಇದೇನು ಕಣ್ಣು? ಯಾರು ಹಿಂಗೆ ಮಾಡಿದ್ದು?" ಆ ಮನೆಯ ಹೆಂಗಸರು ಮುದ್ದಿನಿಂದ ಮಕ್ಕಳನ್ನು ಕರೆಯುವುದು ಕಣ್ಣು ಎಂದೇ.

ಹುಡುಗ ಬಾಯಿ ತೆರೆದ. ಅವನು ಏನನ್ನೋ ಹೇಳುವ ಮೊದಲೇ ಜಗುಲಿಯಿಂದ ಎದ್ದು ಬಂದ ತಿರುಮಲೈಸಾಮಿ ಬಗ್ಗಿ ನೋಡಿದರು. ಅವರ ಎದೆಯ ಮೇಲೂ ಅದೇ ಜಾಗದಲ್ಲಿ ಬಿಳಿಚಿಕೊಂಡ ಹಳೆಯ ಗೆರೆಗಳಿದ್ದವು.

"ಯಾರು ಮಾಡಿದ್ದು ಅಂತ ಕೇಳ್ತೀಯಲ್ಲ, ನಿಂಗೆ ಕಣ್ಣು ಕಾಣಲ್ವಾ? ಕತ್ತಿ ಎತ್ತಿ ನೋಡ್ಯಾನೆ. ಏನು ಸಾಮಿ, ಹೌದಾ ಇಲ್ವಾ?"

ದಿವಾಕರ್ ತಾತನ ಮುಖ ನೋಡಿದ. ತಾತನ ಕಣ್ಣು ತುಂಬಿತ್ತು. ಅವನು ಹೂಂ ಎಂದ.

ತಿರುಮಲೈಸಾಮಿ ದೇವರ ಗೂಡಿನಿಂದ ಭಂಡಾರ ತಂದು ತಮ್ಮ ಕೈಯಿಂದಲೇ ಒತ್ತಿದರು. ಉರಿಯಿತೇ ಎಂದು ಕೇಳಿದಾಗ ಹುಡುಗ ಇಲ್ಲ ಎಂದ. ಅದನ್ನೂ ಅವರು ಬೀದಿಗೆಲ್ಲ ಹೇಳಿದರು.

ಅಂದಿನಿಂದ ದಿವಾಕರನ ತಟ್ಟೆ ತಾತನ ತಟ್ಟೆಯ ಪಕ್ಕಕ್ಕೆ ಬಂತು. ಅನ್ನದ ಮೇಲೆ ಮೊದಲ ತುಪ್ಪ ಅವನಿಗೆ. ಅವನ ಅಕ್ಕ ಇಲಕ್ಕಿಯಾ, ಹನ್ನೊಂದನೆಯ ತರಗತಿಯವಳು, ಇಷ್ಟು ವರ್ಷ ನಾನು ತುಪ್ಪ ಕೇಳಿದರೆ ಮೊಡವೆ ಬರುತ್ತೆ ಅನ್ನುತ್ತಿದ್ದಿರಿ ಎಂದು ಅಜ್ಜಿಯನ್ನು ಕುಟುಕಿದಳು. ನೀನೂ ಕತ್ತಿ ಹಿಡಿ, ನಿಂಗೂ ಬಿಡ್ತೀನಿ ಎಂದಳು ನಾಚಿಯಮ್ಮ. ಎಲ್ಲರೂ ನಕ್ಕರು. ದಿವಾಕರನೂ ನಕ್ಕ.

ನಗದೆ ಇದ್ದವಳು ಅವನ ತಾಯಿ ಜಯಪ್ರಿಯಾ. ಪಲ್ಲಡಂ ಕಡೆಯ ಬನಿಯನ್ ಕಂಪನಿಯ ವ್ಯಾನು ಬೆಳಗ್ಗೆ ಬೀದಿಯ ತುದಿಗೆ ಬಂದು ಅವಳನ್ನು ಹತ್ತಿಸಿಕೊಂಡು ಹೋದರೆ ತಿರುಗಿ ಬರುವುದು ದೀಪ ಹಚ್ಚಿದ ಮೇಲೆ. ಮಕ್ಕಳ ಸಂಗತಿ ಅವಳಿಗೆ ತಿಳಿಯುತ್ತಿದ್ದುದು ಅವರ ಊಟದ ಡಬ್ಬಿಯಿಂದ, ಒಗೆಯುವ ಬಟ್ಟೆಯಿಂದ. ದಿವಾಕರನ ಡಬ್ಬಿ ಕಟ್ಟಿದ ಹಾಗೆಯೇ ವಾಪಸು ಬರುತ್ತಿತ್ತು. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದ.

"ಪುರಟ್ಟಾಸಿ ಮಾಸ. ಹುಡುಗ ಮನಸ್ಸಲ್ಲೇ ವ್ರತ ಹಿಡಿದಾನೆ, ಬಿಡು," ಎಂದರು ತಿರುಮಲೈಸಾಮಿ.

ಅವನು ಮಾತು ಕಡಿಮೆ ಮಾಡಿದ್ದಾನೆ ಎಂದಳು. ದೇವಿ ಬರುವಾಗ ಮಾತು ಕಡಿಮೆಯಾಗುತ್ತದೆ ಎಂದರು. ನಿದ್ದೆಯಲ್ಲಿ ಬೆಚ್ಚುತ್ತಾನೆ ಎಂದಳು. ತನಗೂ ಹಾಗೆಯೇ ಆಗುತ್ತಿತ್ತು ಎಂದರು. ಅವಳು ಯಾವುದನ್ನು ಎತ್ತಿ ತೋರಿಸಿದರೂ ಮಾವನ ಬಳಿ ಅದಕ್ಕೊಂದು ಅರ್ಥ ಸಿದ್ಧವಾಗಿತ್ತು. ಕೆಲವೇ ದಿನಗಳಲ್ಲಿ ಹುಡುಗನೂ ಕಲಿತುಕೊಂಡ. ಡಬ್ಬಿ ಯಾಕೆ ತಿನ್ನಲಿಲ್ಲ ಎಂದು ಅಜ್ಜಿ ಕೇಳಿದರೆ, "ವ್ರತ" ಎಂದು ತಾನೇ ಹೇಳತೊಡಗಿದ.

ಒಂದು ಭಾನುವಾರ ಜಯಪ್ರಿಯಾ ಅವನ ಬಿಳಿಯ ಅಂಗಿಯನ್ನು ಒಗೆಯಲು ಒಳಮೈ ತಿರುಗಿಸಿದಾಗ ಬೆನ್ನಿನ ಕಡೆ ನೀಲಿ ಗೆರೆ ಕಂಡಿತು. ಶಾಯಿ. ಅದರ ಜೊತೆ ಕಂದು ಚುಕ್ಕೆಗಳು. ಅಂಗಿಯನ್ನು ಹಾಗೆಯೇ ಹಿಡಿದುಕೊಂಡು ಮಗ್ಗದ ಕೋಣೆಗೆ ಬಂದಳು.

"ಏನಂಗ, ಇದನ್ನ ನೋಡಿ. ಶಾಯಿ ಅಂಗಿ ಮೇಲೆ ಇಲ್ಲ, ಒಳಗಿದೆ. ಮೈಮೇಲಿಂದ ಬಟ್ಟೆಗೆ ಹತ್ತಿದ್ದು. ಕತ್ತೀಲಿ ಶಾಯಿ ಬತ್ತದಾ?"

ಪ್ರಭಾಕರನ್ ಅಂಗಿಯನ್ನು ನೋಡಿದ. ಪೆನ್ನು ಒಡೆದಿರಬೇಕು ಎಂದ. ಪೆನ್ನನ್ನು ಬೆನ್ನಲ್ಲಿ ಇಟ್ಕೋತಾನಾ ಎಂದು ಅವಳು ಕೇಳಿದಳು. ವಿಚಾರಿಸುತ್ತೇನೆ ಎಂದ. ನೀವು ವಿಚಾರಿಸುವುದು ಈ ಮಗ್ಗದ ಹತ್ತಿರ ಮಾತ್ರ ಎಂದು ಹೇಳಿ ಅವಳು ಹಿತ್ತಲಿಗೆ ಹೋದಳು. ಆಮೇಲೆ ಅಂಗಿಯನ್ನು ಕಲ್ಲಿಗೆ ಬಡಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಅವನು ವಿಚಾರಿಸಬೇಕಾಗಲಿಲ್ಲ. ಬುಧವಾರ ಸಂಜೆ ಇಲಕ್ಕಿಯಾ ಸ್ಕೂಲ್ ಬ್ಯಾಗನ್ನೂ ಇಳಿಸದೆ ಅವನ ಬಳಿ ಬಂದಳು. ತಾತ ಗುಡಿಯ ಹಿರಿಯರಾದ ಚೆನ್ನಿಯಪ್ಪನವರ ಮನೆಗೆ ಹೋಗಿದ್ದರು. ಅಜ್ಜಿ ಹಿತ್ತಲಲ್ಲಿ ಹಿಟ್ಟು ರುಬ್ಬುತ್ತಿದ್ದಳು. ಇಲಕ್ಕಿಯಾಳ ಗೆಳತಿಯ ತಮ್ಮ ದಿವಾಕರನ ತರಗತಿಯವನು. ಅವನ ಮನೆಯ ಫೋನಿನಲ್ಲಿ ಯಾರೋ ಸ್ಟೇಟಸ್ಸಿಗೆ ಹಾಕಿದ ವಿಡಿಯೋ ಬಂದಿತ್ತಂತೆ. ಅದನ್ನು ಇಲಕ್ಕಿಯಾ ತನ್ನ ಅಮ್ಮನ ಹಳೆಯ ಫೋನಿಗೆ ಕಳಿಸಿಕೊಂಡಿದ್ದವಳು ಈಗ ಅಪ್ಪನಿಗೆ ತೋರಿಸಿದಳು.

ತರಗತಿಯ ಕೋಣೆ. ಊಟದ ಬಿಡುವಿರಬೇಕು, ಬೆಂಚಿನ ಮೇಲೆ ಡಬ್ಬಿಗಳು ತೆರೆದಿದ್ದವು. ದಿವಾಕರನ ಅಂಗಿಯನ್ನು ಕತ್ತಿನವರೆಗೆ ಎತ್ತಿದ್ದರು. ಇಬ್ಬರು ಅವನ ಕೈಗಳನ್ನು ಅಗಲವಾಗಿ ಹಿಡಿದಿದ್ದರು. ಎತ್ತರದ ಒಬ್ಬ ಹುಡುಗ ಕಂಪಾಸಿನ ಮೊನೆಯನ್ನು ಶಾಯಿಗೆ ಅದ್ದಿ ಅವನ ಎದೆಯ ಮೇಲೆ ಗೀರುತ್ತಿದ್ದ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತ, 'ತಗೋ ತಾಯೀ, ತಗೋ ತಾಯೀ' ಎನ್ನುತ್ತಿದ್ದರು. ಅವರು ಯಾರಿಗೂ ಕನ್ನಡ ಬಾರದು. ಕಳೆದ ವರ್ಷದ ಉತ್ಸವದ ವಿಡಿಯೋ ನೋಡಿ ಕಲಿತಿದ್ದರು. ನಡುವೆ ದಿವಾಕರ್ ನಗುತ್ತಿದ್ದ. ಬೇಗ ಮುಗಿಯಲಿ ಎಂದು ನಗುವವರು ಹೇಗೆ ನಗುತ್ತಾರೋ ಹಾಗೆ.

"ಆ ಉದ್ದದವನು ಸರವಣಕುಮಾರ್. ಇವನ ಬೆಂಚೇ," ಎಂದಳು ಇಲಕ್ಕಿಯಾ. "ದಿನಾ ಮಾಡ್ತಾರಂತೆ ಅಪ್ಪಾ."

ಪ್ರಭಾಕರನ್ ಇನ್ನೊಂದು ಸಲ ನೋಡಲಿಲ್ಲ. ಫೋನನ್ನು ಮಗಳ ಕೈಗೆ ಕೊಟ್ಟು ಅಳಿಸಿಬಿಡು ಎಂದ.

"ಅಳಿಸೋದಾ?"

"ತಾತ ನೋಡಿದ್ರೆ ಉಸಿರು ಕಟ್ಟುತ್ತೆ. ನಿಮ್ಮಮ್ಮ ನೋಡಿದ್ರೆ ವ್ಯಾನಿಂದ ಇಳಿದು ಆ ಹುಡುಗನ ಮನೆಗೇ ಹೋಗ್ತಾಳೆ. ನಾನು ನಾಳೆ ಪಳ್ಳಿಕೂಡಕ್ಕೆ ಹೋಗ್ತೀನಿ. ಅಲ್ಲಿವರೆಗೂ ಯಾರಿಗೂ ಹೇಳ್ಬೇಡ. ದಿವಾಕರನಿಗೂ ಬೇಡ. ನನ್ನ ಮೇಲೆ ಆಣೆ."

ಅವಳು ಅಪ್ಪನ ಕಣ್ಣೆದುರೇ ಅಳಿಸಿದಳು. ನಾಳೆಯೇ ಹೋಗ್ತೀರಲ್ಲ ಎಂದು ಮತ್ತೊಮ್ಮೆ ಕೇಳಿಕೊಂಡಳು.

ಅವನು ಹೋದದ್ದು ನಿಜ. ನೇಯ್ದ ಸೀರೆ ಕೊಟ್ಟು ಬರುತ್ತೇನೆಂದು ಮನೆಯಲ್ಲಿ ಹೇಳಿ, ಸೀರೆಯ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡೇ ಶಾಲೆಗೆ ಹೋದ. ತರಗತಿಯ ಶಿಕ್ಷಕರಾದ ದಂಡಪಾಣಿಯವರು ಬೇವಿನ ಮರದಡಿ ಕುರ್ಚಿ ಹಾಕಿಸಿ ಕೂರಿಸಿದರು. ತಮಿಳಿನಲ್ಲಿ ನಿಧಾನವಾಗಿ, ಮರ್ಯಾದೆಯಿಂದ ಮಾತಾಡಿದರು. ಪ್ರಭಾಕರನ್ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮ ತಂದೆಯವರು ಹೋದ ವಾರ ಬಂದಿದ್ದರು, ಗೊತ್ತಾ? ಉತ್ಸವಕ್ಕೆ ಎಲ್ಲರೂ ಬರಬೇಕು ಅಂತ ಕರೆಯೋಕೆ. ಮಿಠಾಯಿ ಹಂಚಿದರು. ನನ್ನ ಮೊಮ್ಮಗ ಈಗಲೇ ಎದೆಗೆ ಕತ್ತಿ ಹಾಕಿಕೊಂಡಿದ್ದಾನೆ ಅಂತ ತರಗತಿಯ ಮುಂದೆ ನಿಂತು ಹೇಳಿದರು. ಹುಡುಗನ್ನ ಎಬ್ಬಿಸಿ ನಿಲ್ಲಿಸಿ ಅಂಗಿಯ ಗುಂಡಿ ಬಿಚ್ಚಿ ತೋರಿಸಿದರು. ನಿಜವೇನಪ್ಪ ಅಂತ ನಾನು ಕೇಳಿದೆ. ಹೌದು ಸಾರ್ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ."

ಪ್ರಭಾಕರನ್ ಸೀರೆಯ ಚೀಲದ ಕಿವಿಯನ್ನು ಸುತ್ತುತ್ತ ಕುಳಿತ.

"ಈಗ ನಾನು ಆ ಹುಡುಗರನ್ನ ಕರೆದು ಕೇಳಿದರೆ ಏನಂತಾರೆ? ಅವನ ತಾತನೇ ಹೇಳಿದ್ದಾರೆ ಸಾರ್ ಅಂತಾರೆ. ಅವರ ಮನೆಯವರೂ ಅದನ್ನೇ ಅಂತಾರೆ. ಆ ವಿಡಿಯೋ ಇದೆಯಾ?"

ಇಲ್ಲ ಎಂದ ಪ್ರಭಾಕರನ್.

"ಹಾಗಾದರೆ ಒಂದು ಕೆಲಸ ಮಾಡಿ. ನಿಮ್ಮ ತಂದೆಯವರನ್ನ ಕರೆದುಕೊಂಡು ಬನ್ನಿ. ನಾನು ತಪ್ಪು ತಿಳಿದಿದ್ದೆ, ಇದು ಕತ್ತಿಯ ಗಾಯ ಅಲ್ಲ ಅಂತ ಅವರು ಒಂದು ಮಾತು ಹೇಳಲಿ. ಅದೇ ದಿನ ನಾನು ಆ ಹುಡುಗರ ಮನೆಯವರನ್ನೆಲ್ಲ ಕರೆಸ್ತೇನೆ. ಇದು ನನ್ನ ಮಾತು. ಅವರು ಹೇಳದೆ ಇದ್ದರೆ ನನಗೆ ದಾರಿ ಇಲ್ಲ."

ಕರೆತರುತ್ತೇನೆ ಎಂದು ಪ್ರಭಾಕರನ್ ಎದ್ದ. ತಾನು ಬಂದದ್ದು ಮಗನಿಗೆ ತಿಳಿಯುವುದು ಬೇಡ ಎಂದು ಕೇಳಿಕೊಂಡ. ಹೊರಗೆ ಹೋಗುವಾಗ ಕಿಟಕಿಯಿಂದ ತರಗತಿ ಕಂಡಿತು. ಕೊನೆಯ ಬೆಂಚಿನಲ್ಲಿ ದಿವಾಕರ್ ಪುಸ್ತಕದ ಮೇಲೆ ಬಗ್ಗಿ ಕುಳಿತಿದ್ದ. ಪಕ್ಕದಲ್ಲಿದ್ದ ಎತ್ತರದ ಹುಡುಗ ಅವನ ಹೆಗಲ ಮೇಲೆ ಕೈ ಹಾಕಿಕೊಂಡಿದ್ದ. ದೂರದಿಂದ ನೋಡಿದವರಿಗೆ ಗೆಳೆಯರು.

ಅಂದು ಸಂಜೆಯೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ. ಮನೆಗೆ ಬಂದರೆ ಅಪ್ಪ ಮಗ್ಗದ ಗುಂಡಿಯಲ್ಲಿ ಇಳಿದಿದ್ದರು. ಕಾಲುಮಣೆಯ ಹಗ್ಗ ಸವೆದು ತುಂಡಾಗುವುದರಲ್ಲಿತ್ತು. ಅದನ್ನು ಬಿಚ್ಚಿ ಹೊಸ ಹಗ್ಗ ಕಟ್ಟುತ್ತಿದ್ದರು. ಮಂಡಿ ಮಡಿಸಲಾಗದೆ ಒಂದು ಕಾಲನ್ನು ಉದ್ದಕ್ಕೆ ಚಾಚಿಕೊಂಡಿದ್ದರು.

"ಅಪ್ಪಾ," ಎಂದ.

"ಏನಪ್ಪಾ?"

ಆ ದನಿಯಲ್ಲಿ ಅಪ್ಪ ತನಗೆ ಓಗೊಟ್ಟು ಎಷ್ಟು ಕಾಲವಾಗಿತ್ತೋ ಅವನಿಗೆ ನೆನಪಾಗಲಿಲ್ಲ. ಮೇಲೆ ಬನ್ನಿ, ನಾನು ಕಟ್ಟುತ್ತೇನೆ ಎಂದ. ಕೈ ಕೊಟ್ಟು ಎಬ್ಬಿಸಿದ. ಬೇರೆ ಏನನ್ನೂ ಹೇಳಲಿಲ್ಲ.

ಮರುದಿನವೂ ಹೇಳಲಿಲ್ಲ. ಇಲಕ್ಕಿಯಾ ಕಾಫಿ ತಂದಿಟ್ಟು ಏನಾಯಿತೆಂದು ಕಣ್ಣಿನಲ್ಲೇ ಕೇಳಿದಳು. ಸಾರ್ ನೋಡ್ಕೋತಾರೆ ಎಂದ. ತಾತನಿಗೆ ಹೇಳಿದಿರಾ ಎಂದಳು. ಹಬ್ಬ ಹತ್ತಿರ ಬಂತು, ಸಮಯ ನೋಡಿ ಹೇಳುತ್ತೇನೆ ಎಂದ. ಪರೀಕ್ಷೆ ಮುಗಿದು ರಜೆ ಶುರುವಾಗುವುದರಲ್ಲಿತ್ತು. ರಜೆ ಬಂದರೆ ಹುಡುಗನಿಗೂ ಬಿಡುವು, ಅದರೊಳಗೆ ಎಲ್ಲ ತಣ್ಣಗಾದೀತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ತಿರುಮಲೈಸಾಮಿ ಅಷ್ಟರಲ್ಲಿ ಚೆನ್ನಿಯಪ್ಪನವರನ್ನು ಒಪ್ಪಿಸಿ ಬಂದಿದ್ದರು. ಈಗಿನ ಕಾಲದಲ್ಲಿ ಅಷ್ಟು ಚಿಕ್ಕವರಿಗೆ ಕತ್ತಿ ಕೊಡುವುದಿಲ್ಲ ಎಂದು ಅವರು ಮೊದಲು ಹಿಂಜರಿದರಂತೆ. ಹುಡುಗ ತಾನಾಗಿ ಹಾಕಿಕೊಂಡಿರುವಾಗ ನೀವು ಯಾರು ಬೇಡವೆನ್ನಲು ಎಂದು ಇವರು ಕೇಳಿದರಂತೆ. ಮೊಂಡಾದ ಚಿಕ್ಕ ಕತ್ತಿ, ತಾತನ ಪಕ್ಕದಲ್ಲೇ ನಡಿಗೆ, ಅಷ್ಟಕ್ಕೆ ತೀರ್ಮಾನವಾಗಿತ್ತು.

ಅದನ್ನು ಅವರು ಊಟಕ್ಕೆ ಕುಳಿತಾಗ ಹೇಳಿದರು. ಅರೆದ ಹುರುಳಿ, ಅನ್ನ. ನಾಚಿಯಮ್ಮ ಬಡಿಸುತ್ತಿದ್ದಳು. ಜಯಪ್ರಿಯಾ ಅದೇ ತಾನೆ ವ್ಯಾನಿನಿಂದ ಇಳಿದು ಮುಖ ತೊಳೆದು ಬಂದಿದ್ದಳು. ಮಾವನ ಮಾತು ಮುಗಿಯುವವರೆಗೆ ಕಾದಳು. ಆಮೇಲೆ ಒಳಗೆ ಹೋಗಿ ಆ ಅಂಗಿಯನ್ನು ತಂದು ಎಲ್ಲರ ನಡುವೆ ಹಾಸಿದಳು. ಎಷ್ಟು ಒಗೆದರೂ ನೀಲಿ ಗೆರೆ ಹೋಗಿರಲಿಲ್ಲ.

"ಮಾಮ, ಇದು ಕತ್ತಿ ಅಲ್ಲ. ಯಾರೋ ಮಾಡ್ತಿದ್ದಾರೆ ಇವನಿಗೆ. ಬೆನ್ನಲ್ಲೂ ಇದೆ. ಅವನು ನಿದ್ದೇಲಿದ್ದಾಗ ಅಂಗಿ ಎತ್ತಿ ನೋಡಿದೆ."

"ಉಣ್ಣೋ ಜಾಗದಲ್ಲಿ ಕೊಳೆ ಬಟ್ಟೆ ತಂದು ಹಾಕ್ತೀಯಲ್ಲ," ಎಂದಳು ನಾಚಿಯಮ್ಮ.

"ಒಗೆದಿದ್ದು ಅತ್ತೆ. ಒಗೆದ್ರೂ ಹೋಗ್ಲಿಲ್ಲ, ಅದಕ್ಕೇ ತಂದಿದ್ದು."

ತಿರುಮಲೈಸಾಮಿ ತುತ್ತನ್ನು ತಟ್ಟೆಯಲ್ಲಿ ಇಟ್ಟರು. ಅವರಿಗೆ ಕೋಪ ಬಂದಿರಲಿಲ್ಲ. ಮೊಮ್ಮಗನ ಕಡೆ ತಿರುಗಿ, ಸಾಮಿ, ಯಾರು ಮಾಡಿದ್ದು, ನಿಜ ಹೇಳು, ತಾತ ಬೈಯಲ್ಲ ಎಂದರು.

ದಿವಾಕರ್ ಅಂಗಿಯನ್ನು ನೋಡಿದ. ಅಮ್ಮನನ್ನು ನೋಡಿದ. ತಾತನ ತಟ್ಟೆಗೆ ತಾಗಿಕೊಂಡಿದ್ದ ತನ್ನ ತಟ್ಟೆಯನ್ನು ನೋಡಿದ.

"ನಾನೇ."

"ಬೆನ್ನಿಗೂ ನೀನೇನಾ?" ಜಯಪ್ರಿಯಾ ಅವನ ಕಡೆ ಬಗ್ಗಿದಳು. "ಬೆನ್ನಿಗೆ ಯಾವ ವೀರಕುಮಾರ ಹಾಕ್ಕೋತಾನೆ ಕಣ್ಣು? ನಿಮ್ಮ ತಾತನ ಬೆನ್ನಲ್ಲಿ ಇದ್ಯಾ?"

"ತಾತಾ, ಅದು..." ಎಂದು ಇಲಕ್ಕಿಯಾ ಶುರು ಮಾಡಿದಳು.

"ಹೆಣ್ಮಕ್ಕಳು ಕತ್ತಿ ವಿಷಯಕ್ಕೆ ಬರೋದು ಬೇಡ." ತಿರುಮಲೈಸಾಮಿ ಕೈ ಎತ್ತಿ ತಡೆದರು. ಆಮೇಲೆ ಮಗನ ಕಡೆ ತಿರುಗಿದರು. "ಪ್ರಭಾಕರಾ, ನೀನು ಹೇಳು. ದಿನಾ ಮನೇಲಿ ಇರೋನು ನೀನು. ನಿನಗೆ ಏನಾದ್ರೂ ಗೊತ್ತಾ? ಹುಡುಗನ ಮೈಗೆ ಬೇರೆ ಯಾರಾದ್ರೂ ಕೈ ಹಾಕಿದ್ರೆ ಈಗ್ಲೇ ಹೇಳು. ನಾನು ಚೆನ್ನಿಯಪ್ಪನ ಹತ್ರ ಹೋಗಿ ಬೇಡ ಅಂದ್ಬಿಡ್ತೀನಿ. ನಂಗೇನೂ ಅವಮಾನ ಇಲ್ಲ."

ಅವರು ನಿಜವಾಗಿಯೇ ಕೇಳುತ್ತಿದ್ದರು. ಅದು ಪ್ರಭಾಕರನಿಗೆ ಗೊತ್ತಾಯಿತು. ಒಂದು ಮಾತು ಸಾಕಿತ್ತು. ಇಲಕ್ಕಿಯಾ ಉಣ್ಣುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಅಪ್ಪನ ಮುಖದ ಮೇಲೆ ಆ ಕೆಲವು ವಾರಗಳ ಗೆಲುವು ಇನ್ನೂ ಹಾಗೆಯೇ ಇತ್ತು. ಅದು ಹೇಗೆ ಇಳಿದುಹೋಗುತ್ತದೆಂಬುದನ್ನು ಅವನು ಹಿಂದೆ ಒಮ್ಮೆ ಕಂಡಿದ್ದ.

"ನಂಗೇನು ಗೊತ್ತು," ಎಂದ. "ಅವ್ನೇ ಹೇಳ್ತಿದ್ದಾನಲ್ಲ."

ಇಲಕ್ಕಿಯಾ ಅರ್ಧ ಉಂಡ ತಟ್ಟೆಯನ್ನು ಎತ್ತಿಕೊಂಡು ಎದ್ದುಹೋದಳು. ಜಯಪ್ರಿಯಾ ಅಂಗಿಯನ್ನು ಮಡಿಸಿದಳು. ತಿರುಮಲೈಸಾಮಿ ತುತ್ತನ್ನು ಮತ್ತೆ ಕೈಗೆ ತೆಗೆದುಕೊಂಡು, ಪೆನ್ನು ಒಡೆದಿರಬೇಕು, ಹುಡುಗರ ಚೀಲ ಅಂದರೆ ಹಾಗೆಯೇ ಎಂದರು. ದಿವಾಕರ್ ಹೂಂ ಎಂದ. ನಾಚಿಯಮ್ಮ ಅವನಿಗೆ ಇನ್ನೊಂದು ಚಮಚ ತುಪ್ಪ ಬಿಟ್ಟಳು.

ವಿಜಯದಶಮಿಯ ದಿನ ಮಧ್ಯಾಹ್ನಕ್ಕೆ ಮೊದಲೇ ಮೆರವಣಿಗೆ ಹೊರಟಿತು. ಹಿಂದಿನ ದಿನ ಮಗ್ಗಕ್ಕೆ ಗಂಧ ಕುಂಕುಮ ಇಟ್ಟು ಪೂಜೆ ಮಾಡಿದ್ದರಿಂದ ಬೀದಿಯಲ್ಲಿ ಮಗ್ಗದ ಸದ್ದಿರಲಿಲ್ಲ. ಗಂಡಸರು ಸಾಲಾಗಿ ನಿಂತರು. ತಿರುಮಲೈಸಾಮಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೊಮ್ಮಗನ ಹೆಗಲು ಹಿಡಿದು ಬಂದರು. ದಿವಾಕರನ ಸೊಂಟಕ್ಕೆ ಹಳದಿ ಪಂಚೆ ಕಟ್ಟಿದ್ದರು. ಅದು ಉದ್ದವಾಗಿ ಕಾಲಿಗೆ ತೊಡರುತ್ತಿತ್ತು. ಚೆನ್ನಿಯಪ್ಪನವರು ಚಿಕ್ಕ ಕತ್ತಿಯನ್ನು ಅವನ ಕೈಗಿತ್ತು, ಮೈಗೆ ತಾಗಿಸಿದರೆ ಸಾಕು, ಬಡಿಯಬೇಡ ಎಂದು ಎರಡು ಸಲ ಹೇಳಿದರು.

ಶಾಲೆಯ ಹುಡುಗರು ಬಂದಿದ್ದರು. ಕರೆದಿದ್ದರಲ್ಲ, ಬಂದರು. ಅಂಗಡಿಯ ಕಟ್ಟೆಯ ಮೇಲೆ ನಿಂತು ಫೋನು ಎತ್ತಿ ಹಿಡಿದಿದ್ದರು. ಬೀದಿಯವರು 'ತಗೋ ತಾಯೀ' ಎಂದಾಗಲೆಲ್ಲ ಅವರೂ ಎಲ್ಲರಿಗಿಂತ ಜೋರಾಗಿ ಕೂಗಿದರು. ಬೇರೆ ಊರಿನ ಹುಡುಗರಿಗೂ ಎಷ್ಟು ಭಕ್ತಿ ಎಂದು ಯಾರೋ ಹೆಂಗಸರು ಮೆಚ್ಚಿಕೊಂಡರು. ದಿವಾಕರ್ ಆ ಕಟ್ಟೆಯ ಹತ್ತಿರ ಬಂದಾಗ ಕತ್ತಿಯನ್ನು ಎದೆಗೆ ಬಡಿದುಕೊಂಡ. ಮತ್ತೆ ಬಡಿದುಕೊಂಡ. ಕಟ್ಟೆ ದಾಟಿದ ಮೇಲೂ ನಿಲ್ಲಿಸಲಿಲ್ಲ. ಚೆನ್ನಿಯಪ್ಪನವರೇ ಓಡಿ ಬಂದು ಕೈ ಹಿಡಿದರು. ತಿರುಮಲೈಸಾಮಿ ಭಂಡಾರ ಒತ್ತುತ್ತ ಬಿಕ್ಕಿ ಬಿಕ್ಕಿ ಅತ್ತರು. ಜಯಪ್ರಿಯಾ ಹೆಂಗಸರ ಸಾಲಿನಲ್ಲಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲಿಂದ ಹೊರಟುಹೋದಳು.

ಮೊಮ್ಮಗನ ಗೆಳೆಯರು ಊಟ ಮಾಡದೆ ಹೋಗಬಾರದೆಂದು ತಿರುಮಲೈಸಾಮಿ ಹಟ ಹಿಡಿದರು. ನಡುಮನೆಯಲ್ಲಿ ಬಾಳೆಲೆ ಹಾಕಿದರು. ದಿವಾಕರನನ್ನು ಅವರ ನಡುವೆಯೇ ಕೂರಿಸಿದರು. ಅವನ ಎದೆಯ ತುಂಬ ಅರಿಸಿನವಿತ್ತು. ಎತ್ತರದ ಹುಡುಗ ಅವನ ಪಕ್ಕದಲ್ಲಿ ಕುಳಿತ. ಮನೆಯವರ ಜೊತೆ ಬಹಳ ವಿನಯದಿಂದ ಮಾತಾಡಿದ. ಅಜ್ಜಿಯ ಪಾಯಸವನ್ನು ಹೊಗಳಿದ. ನಾಚಿಯಮ್ಮನಿಗೆ ಅವನ ಮೇಲೆ ಬಹಳ ಅಕ್ಕರೆ ಹುಟ್ಟಿತು. ಎಂಥ ಮನೆಯ ಮಗು, ನೋಡಿ ಕಲಿ ಎಂದು ದಿವಾಕರನಿಗೆ ಹೇಳಿದಳು.

ಬಡಿಸಲು ಇಲಕ್ಕಿಯಾ ಬರಲಿಲ್ಲ. ತಲೆನೋವೆಂದು ಮಲಗಿದ್ದಳು. ವಡೆಯ ಬುಟ್ಟಿಯನ್ನು ಪ್ರಭಾಕರನೇ ಹಿಡಿದು ಸಾಲಿನಲ್ಲಿ ಬಂದ. ಸರವಣಕುಮಾರನ ಎಲೆಯ ಮುಂದೆ ನಿಂತ. ಕಿರಿದಾದ ಹಣೆ, ಮೇಲ್ದುಟಿಯ ಮೇಲೆ ಆಗಷ್ಟೇ ಮೂಡುತ್ತಿದ್ದ ಕೂದಲು. ವಿಡಿಯೋದಲ್ಲಿ ಕಂಡದ್ದಕ್ಕಿಂತ ಚಿಕ್ಕವನು, ಬರೀ ಮಗು.

"ಇನ್ನೊಂದು ಹಾಕಿ ಅಂಕಲ್," ಎಂದು ಹುಡುಗ ತಮಿಳಿನಲ್ಲಿ ಹೇಳಿ ನಕ್ಕ.

ಪ್ರಭಾಕರನ್ ಹಾಕಿದ. ಆಮೇಲೆ ಮಗನ ಎಲೆಗೂ ಒಂದು ಹಾಕಿದ. ದಿವಾಕರ್ ತಲೆ ಎತ್ತಲಿಲ್ಲ.

ರಜೆ ಮುಗಿದು ಶಾಲೆ ತೆರೆಯಿತು. ದೀಪಾವಳಿ ಹತ್ತಿರವಾದಂತೆ ಪ್ರಭಾಕರನಿಗೆ ನೇಯ್ಗೆಯ ಕೆಲಸ ಹೆಚ್ಚಾಯಿತು, ಜಯಪ್ರಿಯಾಳ ವ್ಯಾನು ಇನ್ನೂ ತಡವಾಗಿ ಬರತೊಡಗಿತು. ಹು‌ಡುಗನ ಎದೆಯ ಮೇಲೆ ಹಬ್ಬದ ಗಾಯ ಮಾಗಿದ ಜಾಗದಲ್ಲಿ ಹೊಸ ಗೀರುಗಳು ಕಂಡವು. ಈಗ ಯಾರೂ ಯಾರು ಮಾಡಿದ್ದೆಂದು ಕೇಳಲಿಲ್ಲ. ಮುಂದಿನ ವರ್ಷಕ್ಕೆ ಈಗಿಂದಲೇ ಅಭ್ಯಾಸ ಎಂದು ತಿರುಮಲೈಸಾಮಿ ಜಗುಲಿಯಲ್ಲಿ ಕುಳಿತವರಿಗೆ ಹೇಳಿದರು. ನಾಚಿಯಮ್ಮ ಪ್ರತಿ ಶನಿವಾರ ಎಣ್ಣೆಯ ಬಟ್ಟಲಿನ ಜೊತೆಗೆ ಭಂಡಾರದ ಬಟ್ಟಲನ್ನೂ ಇಟ್ಟುಕೊಳ್ಳತೊಡಗಿದಳು. ಜಯಪ್ರಿಯಾ ಮಗನ ಅಂಗಿಗಳನ್ನು ಒಳಮೈ ತಿರುಗಿಸದೆ ಒಗೆದಳು. ಒಂದು ದಿನ ಗಂಡನೊಡನೆ ಆ ವಿಷಯ ಎತ್ತಿ, ನೀವು ಆ ರಾತ್ರಿ ಅವನ ಪರವಾಗಿ ನಿಂತಿದ್ದರೆ ಅವನು ಬಾಯಿ ಬಿಡುತ್ತಿದ್ದ ಎಂದಳು. ಅವನು ಲಾಳಿಗೆ ಹೊಸ ಕಂಡಿಕೆ ಹಾಕಿದ. ಆಮೇಲೆ ಅವಳು ಅದನ್ನು ಮತ್ತೆ ಎತ್ತಲಿಲ್ಲ. ಇಲಕ್ಕಿಯಾ ಅಪ್ಪನಿಗೆ ಕಾಫಿ ತಂದು ಮಗ್ಗದ ಹಲಗೆಯ ಮೇಲಿಟ್ಟು ಮಾತಾಡದೆ ಹೋಗುತ್ತಿದ್ದಳು.

ಒಂದು ಸಂಜೆ ದಿವಾಕರ್ ತಾನಾಗಿಯೇ ಮಗ್ಗದ ಕೋಣೆಗೆ ಬಂದ. ಗೋಡೆಗೆ ಒರಗಿ ನಿಂತು, ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗುವುದನ್ನು ನೋಡಿದ. ತಾತ ಹೊರಗೆ ಯಾರೊಡನೆಯೋ ಮಾತಾಡುತ್ತಿದ್ದರು.

"ಅಪ್ಪಾ, ಎಂಟನೇ ಕ್ಲಾಸಿಗೆ ಬೇರೆ ಪಳ್ಳಿಕೂಡಕ್ಕೆ ಹಾಕ್ತೀರಾ?"

"ಯಾಕೆ?"

"ಸುಮ್ಕೆ."

ಪ್ರಭಾಕರನ್ ಲಾಳಿಯನ್ನು ನಿಲ್ಲಿಸಿದ. ಹುಡುಗ ಕಾಯುತ್ತಿದ್ದ. ಅವನ ಅಂಗಿಯ ಮೇಲಿನ ಗುಂಡಿ ಕತ್ತಿನವರೆಗೂ ಹಾಕಿತ್ತು.

"ಇದು ಹತ್ತಿರ ಇದೆ," ಎಂದ ಪ್ರಭಾಕರನ್. "ತಾತನಿಗೂ ನೀನು ಇಲ್ಲೇ ಇರೋದು ಇಷ್ಟ."

ದಿವಾಕರ್ ಸರಿ ಎಂದ. ಕೆಳಗೆ ಬಿದ್ದಿದ್ದ ಖಾಲಿ ಕಂಡಿಕೆಗಳನ್ನು ಬುಟ್ಟಿಗೆ ಹಾಕಿ ಹೊರಗೆ ಹೋದ. ಮಗ್ಗದ ಸದ್ದು ಮತ್ತೆ ಶುರುವಾಯಿತು.

ನಿನಗೆ ಯಾರು ಏನು ಮಾಡಿದರೆಂಬುದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ ಎಂದು ಪ್ರಭಾಕರನ್ ಮಗನಿಗೆ ಅಂದೂ ಹೇಳಲಿಲ್ಲ, ಆಮೇಲೆ ಎಂದೂ ಹೇಳಲಿಲ್ಲ.